ಆನ್‌ಲೈನ್ ಸಮೀಕ್ಷೆಯ ಉತ್ತರವನ್ನೇ ವಾರ್ಡಿನ ತೀರ್ಮಾನ ಅಂತ ನಗರಸಭೆಗೆ ಕೊಡಬಹುದಾ?

ನಿಮ್ಮ ವಾರ್ಡಿನ ಖಾಲಿ ಜಾಗದಲ್ಲಿ ಪಾರ್ಕ್ ಮಾಡಬೇಕಾ, ಸಂತೆ ಕಟ್ಟೆ ಕಟ್ಟಬೇಕಾ ಎಂದು ಗೂಗಲ್ ಫಾರ್ಮ್‌ನಲ್ಲಿ ಕೇಳುತ್ತಿದ್ದೀರಿ. ಬಂದ ಉತ್ತರವನ್ನೇ ಜನರ ತೀರ್ಮಾನ ಅಂತ ಕೊಡಬಹುದಾ ಎನ್ನುವುದು ನಿಮ್ಮ ಪ್ರಶ್ನೆ. ಸಮೀಕ್ಷೆ ಖಂಡಿತ ಮಾಡಿ. ತೀರ್ಮಾನ ಮಾತ್ರ ಅದಕ್ಕೇ ಬಿಡಬೇಡಿ.

ನಾನು ಕೋಲಾರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಒಂದು ಅವಧಿಗೆ ಸದಸ್ಯೆಯಾಗಿದ್ದೆ. ಗ್ರಾಮಸಭೆಗೆ ಜನ ಬರುತ್ತಿರಲಿಲ್ಲ. ಅದಕ್ಕೆ ನಾವೂ ಊರಿನ ವಾಟ್ಸಾಪ್ ಗ್ರೂಪಿಗೆ ಫಾರ್ಮ್ ಕಳಿಸಿ, ಈ ವರ್ಷ ಮೊದಲು ಏನು ಕೆಲಸ ಆಗಬೇಕು ಎಂದು ಕೇಳಿದೆವು. ಎರಡೇ ದಿನದಲ್ಲಿ ಉತ್ತರ ಬಂದವು. ಜಾಸ್ತಿ ಜನ ಕೇಳಿದ್ದು ಹೈಮಾಸ್ಟ್ ದೀಪ. ಆದರೆ ಹೆಸರು ನೋಡಿದರೆ ಎಲ್ಲ ಗಂಡು ಹುಡುಗರು, ಅರ್ಧದಷ್ಟು ಮಂದಿ ಬೆಂಗಳೂರಿನಲ್ಲಿ ಕೆಲಸಕ್ಕಿರುವವರು. ಅವರೂ ನಮ್ಮೂರಿನವರೇ, ಅವರ ಮಾತೂ ಬೇಕು. ಆದರೆ ಫೋನ್ ಮಗನ ಕೈಯಲ್ಲಿದ್ದರೆ ತಾಯಿಯ ಮಾತು ಎಲ್ಲಿಂದ ಬರಬೇಕು? ಅದೇ ಪ್ರಶ್ನೆ ಹಿಡಿದು ಒಂದು ವಾರ ಬೆಳಿಗ್ಗೆ ಹಾಲಿನ ಡೈರಿ ಮುಂದೆ ನಿಂತೆ. ಮನೆಯಲ್ಲಿ ತೆಲುಗು ಆಡುವವರನ್ನು ತೆಲುಗಿನಲ್ಲೇ ಕೇಳಿದೆ. ಹಾಲು ಹಾಕಲು ಬಂದ ಹೆಂಗಸರಲ್ಲಿ ದೀಪದ ಮಾತೆತ್ತಿದವರು ಇಬ್ಬರೋ ಮೂವರೋ. ಉಳಿದವರೆಲ್ಲ ಹೇಳಿದ್ದು ಚರಂಡಿ, ಚರಂಡಿ, ಚರಂಡಿ.

ಉತ್ತರ ಜಾಸ್ತಿ ಬಂದರೆ ಸಾಕಲ್ವಾ ಎಂದು ಅನ್ನಿಸಬಹುದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮುಂಚೆ ಸುಮಾರು 1 ಕೋಟಿ ಜನರಿಗೆ ಮತಚೀಟಿ ಅಂಚೆಯಲ್ಲಿ ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ಸೋಲುತ್ತಾರೆ ಎಂದು ಪತ್ರಿಕೆ ಬರೆಯಿತು. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಪತ್ರಿಕೆ ವಿಳಾಸ ಹುಡುಕಿದ್ದು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಲ್ಲಿ, ಅಂದರೆ ಆ ಕಾಲದಲ್ಲಿ ಹೆಚ್ಚಾಗಿ ಉಳ್ಳವರ ಪಟ್ಟಿಗಳಲ್ಲಿ.

ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಬತ್ತಿದ ಬೋರ್‌ವೆಲ್‌ನಲ್ಲಿ ನೀರು ಕಂಡ ರೈತ ಈ ನೀರು ಬೇಕು ಅನ್ನುತ್ತಾನೆ. ಮೂರನೇ ಹಂತವೂ ಶುದ್ಧ ಮಾಡಿ ಬಿಡಿ ಅಂತಲೂ ಅವನೇ ಹೇಳುತ್ತಾನೆ. ಯೋಜನೆ ಒಳ್ಳೆಯದಾ, ಕೆಟ್ಟದ್ದಾ ಎಂದು ಎರಡೇ ಬಟನ್ ಕೊಟ್ಟರೆ ಅವನು ಯಾವುದನ್ನು ಒತ್ತಬೇಕು?

ತೈವಾನ್‌ನಲ್ಲಿ 2015ರಲ್ಲಿ ಉಬರ್ ಟ್ಯಾಕ್ಸಿಯ ನಿಯಮದ ಬಗ್ಗೆ ಜನರನ್ನು ಕೇಳಿದ ರೀತಿ ನನಗೆ ತುಂಬಾ ಇಷ್ಟ. ಅಲ್ಲಿ ಒಂದು ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತಮ್ಮ ಮಾತು ಬರೆಯಬಹುದಿತ್ತು. ಉಳಿದವರು ಒಪ್ಪುತ್ತೇನೆ, ಒಪ್ಪುವುದಿಲ್ಲ ಅಂತ ಒತ್ತಬೇಕು, ಇಲ್ಲವೇ ಮುಂದಕ್ಕೆ ಹೋಗಬೇಕು. ಅದಕ್ಕೆ ತಿರುಗಿ ಉತ್ತರ ಬರೆಯುವಂತಿಲ್ಲ, ಹಾಗಾಗಿ ಜಗಳಕ್ಕೆ ಜಾಗವಿಲ್ಲ. ಉಬರ್ ಪರ ಇದ್ದವರು, ವಿರೋಧ ಇದ್ದವರು ಎರಡೂ ಕಡೆಯವರು ಒಪ್ಪಿದ ಮಾತುಗಳು ಮೇಲೆ ಬಂದವು. ಆಮೇಲೆ ಅವನ್ನಿಟ್ಟುಕೊಂಡು ಸರ್ಕಾರದವರು, ಉಬರ್‌ನವರು, ಟ್ಯಾಕ್ಸಿಯವರು ಎದುರುಬದುರು ಕೂತು ಮಾತಾಡಿದರು.

ನಾವು ಫಾರ್ಮ್‌ನ ಪಟ್ಟಿ, ಡೈರಿ ಪಟ್ಟಿ ಎರಡನ್ನೂ ಪಂಚಾಯಿತಿ ಗೋಡೆಗೆ ಅಂಟಿಸಿ ಗ್ರಾಮಸಭೆ ಕರೆದೆವು. ಚರಂಡಿ ಮೊದಲು ಅಂತ ಆಯ್ತು. ದೀಪ ಈ ವರ್ಷ ಯಾಕಿಲ್ಲ, ದುಡ್ಡು ಎಷ್ಟಿತ್ತು ಎಂದು ಅದೇ ಗ್ರೂಪಿನಲ್ಲಿ ಬರೆದೆ. ಇದನ್ನು ತಪ್ಪಿಸಬೇಡಿ. ಕೇಳಿ ಸುಮ್ನೆ ಆಗಿಬಿಟ್ಟರೆ ಮುಂದಿನ ಸಲ ಯಾರೂ ಫಾರ್ಮ್ ತೆರೆಯುವುದಿಲ್ಲ.

ಆ ಖಾಲಿ ಜಾಗದಲ್ಲಿ ಈಗ ಬೆಳಿಗ್ಗೆ ಸೊಪ್ಪು ಮಾರುವವರು ಕೂರುತ್ತಾರೆ ಎಂದು ಬರೆದಿದ್ದೀರಿ. ಅವರಲ್ಲಿ ಎಷ್ಟು ಜನಕ್ಕೆ ನಿಮ್ಮ ಲಿಂಕ್ ಸಿಕ್ಕಿದೆ? ನಾಳೆ ಹೋಗಿ ಮೊದಲು ಅವರನ್ನು ಕೇಳಿ.