ನೂರು ದಿನದ ಕ್ರೂಸ್ ಹಡಗಿನಲ್ಲಿ ದಿನಚರಿ ಹೇಗಿರುತ್ತದೆ? ಏನೇನು ತಯಾರಿ ಬೇಕು?

ನಿವೃತ್ತರಾದ ಅಪ್ಪ-ಅಮ್ಮ ಕ್ವೀನ್ ಮೇರಿ 2 ಹಡಗಿನಲ್ಲಿ ನೂರು ದಿನ ಪ್ರಪಂಚ ಸುತ್ತಲು ಹೊರಟಿದ್ದಾರೆ, ಇಬ್ಬರೂ ಸಸ್ಯಾಹಾರಿಗಳು, ಅಷ್ಟು ದಿನ ನೀರಿನ ಮೇಲೆ ಹೊತ್ತು ಹೇಗೆ ಹೋಗುತ್ತದೆ ಎಂದು ಕೇಳಿದ್ದೀರಿ. ಹೊತ್ತಿನ ಚಿಂತೆ ಬಿಡಿ. ಅದು 345 ಮೀಟರ್ ಉದ್ದದ ಹಡಗು. ರಂಗಮಂದಿರ, ತಾರಾಲಯ, ಸಾವಿರಾರು ಪುಸ್ತಕಗಳ ಗ್ರಂಥಾಲಯ ಎಲ್ಲ ಒಳಗೇ ಇವೆ. ತೊಡಕು ಬರುವುದು ಬಟ್ಟೆ ಒಗೆಯುವುದು, ಮಾತ್ರೆ, ವೀಸಾದಂಥ ವಿಷಯಗಳಲ್ಲಿ. ಹತ್ತು ದಿನದ ಕ್ರೂಸ್‌ಗೆ ಬೇಕಾದ ತಯಾರಿಯೇ ಬೇರೆ, ನೂರು ದಿನ ಸಣ್ಣ ಕೋಣೆಯಲ್ಲಿ ಸಂಸಾರ ಮಾಡುವ ತಯಾರಿಯೇ ಬೇರೆ.

ಮೊದಲು ಕ್ಯಾಬಿನ್. ಅಗ್ಗದ ಒಳಕೋಣೆಗಳು ಸುಮಾರು 160 ಚದರಡಿ, ಕಿಟಕಿ ಇರುವುದಿಲ್ಲ. ವಾರದ ಮಟ್ಟಿಗೆ ನಡೆಯುತ್ತದೆ. ನೂರು ದಿನ ಹಗಲೋ ರಾತ್ರಿಯೋ ತಿಳಿಯದ ಕೋಣೆಯಲ್ಲಿದ್ದರೆ ವಯಸ್ಸಾದವರ ನಿದ್ದೆ ಕೆಡುತ್ತದೆ. ದುಡ್ಡು ಹೊಂದುವುದಾದರೆ 4, 5 ಅಥವಾ 6ನೇ ಡೆಕ್‌ನಲ್ಲಿ (ಡೆಕ್ ಎಂದರೆ ಹಡಗಿನ ಅಂತಸ್ತು), ಹಡಗಿನ ನಡುಭಾಗದ ಬಾಲ್ಕನಿ ಕ್ಯಾಬಿನ್ ಹಿಡಿಯಿರಿ. ಅಲ್ಲಿ ಹೊಯ್ದಾಟ ಕಡಿಮೆ. ಬಾಲ್ಕನಿಗೆ ಹಡಗಿನ ಉಕ್ಕಿನ ಗೋಡೆಯೇ ಮರೆಯಾಗಿರುವುದರಿಂದ ಗಾಳಿಯೂ ಅಷ್ಟಾಗಿ ಬಡಿಯುವುದಿಲ್ಲ, ಆದರೆ ಸಮುದ್ರ ನೋಡಲು ಎದ್ದು ನಿಲ್ಲಬೇಕು. ಒಂದು ಎಚ್ಚರ: 6ನೇ ಡೆಕ್‌ನ ಕೆಲವು ಕ್ಯಾಬಿನ್‌ಗಳ ನೆತ್ತಿಯ ಮೇಲೆಯೇ 7ನೇ ಡೆಕ್‌ನ ಬಫೆ ಇದೆ. ನಸುಕಿನಲ್ಲೇ ಟ್ರಾಲಿ ಉರುಳುವ, ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ. ಡೆಕ್ ನಕ್ಷೆ ನೋಡಿ, ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವಂಥದ್ದನ್ನು ಆರಿಸಿ.

ಗೋಡೆಗಳು ಲೋಹದವು, ಹಾಗಾಗಿ ಅಯಸ್ಕಾಂತದ ಕೊಕ್ಕೆಗಳನ್ನು ಒಯ್ದರೆ ಟೋಪಿ, ಚೀಲ, ಟವೆಲ್ ನೇತುಹಾಕಬಹುದು. ಬ್ರಿಟಿಷ್ ಮೂರು ಪಿನ್ನಿನ ಸಾಕೆಟ್, ಅಮೆರಿಕದ 110 ವೋಲ್ಟ್ ಸಾಕೆಟ್ ಎರಡೂ ಇವೆ. ನಮ್ಮ ಪ್ಲಗ್‌ಗೆ ಅಡಾಪ್ಟರ್ ಬೇಕು. ಸ್ಪೈಕ್ ಗಾರ್ಡ್ ಮಾತ್ರ ಒಯ್ಯಬೇಡಿ, ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಡಗಿನ ಅರ್ಥಿಂಗ್ ಮನೆಯ ಅರ್ಥಿಂಗ್‌ನಂತಲ್ಲ, ಸರ್ಜ್ ತಡೆಯುವ ಸಾಧನ ಬಿಸಿಯೇರಿ ಬೆಂಕಿ ಹತ್ತಬಹುದು. ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್‌ಗೂ ಪ್ರವೇಶವಿಲ್ಲ.

ನೆಲ ಕಾಣದ ದಿನಗಳು ಬಹಳ. ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಿಟ್ಟರೆ ಮಾರಿಷಸ್ ಸಿಗಲು ಹತ್ತಿರಹತ್ತಿರ ಒಂದು ವಾರ ಬೇಕು. ಮರುದಿನದ ಕಾರ್ಯಕ್ರಮಪಟ್ಟಿ ಹಿಂದಿನ ಸಂಜೆಯೇ ಕೈಸೇರುತ್ತದೆ. ಬೆಳಿಗ್ಗೆ 7ನೇ ಡೆಕ್‌ನಲ್ಲಿ ನಡಿಗೆ (ಮೂರು ಸುತ್ತಿಗೆ ಸುಮಾರು 1.8 ಕಿ.ಮೀ.), ಆಮೇಲೆ ಉಪನ್ಯಾಸವೋ ನೃತ್ಯದ ಕ್ಲಾಸೋ, ಮಧ್ಯಾಹ್ನ 12ಕ್ಕೆ ಹಡಗು ಎಲ್ಲಿದೆ ಎಂದು ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹೇಳುವುದು, ಮೂರೂವರೆಗೆ ಚಹಾ, ರಾತ್ರಿ ಊಟ, ಒಂದು ಷೋ. ಮೊದಲ ಹದಿನೈದು ದಿನ ಎಲ್ಲಕ್ಕೂ ಓಡುತ್ತಾರೆ. ಹಂತಹಂತಕ್ಕೆ ಹೊಸ ಪ್ರಯಾಣಿಕರು ಹತ್ತುವುದರಿಂದ ಷೋ, ಕ್ಲಾಸುಗಳು ಮೊದಲಿನಿಂದ ಶುರುವಾಗುತ್ತವೆ; ಪೂರ್ತಿ ಸುತ್ತುವವರಿಗೆ ಆಗ ಬೇಸರ ಬರುತ್ತದೆ. ಗಾಯನವೃಂದವೋ, ಜಲವರ್ಣವೋ, ಇಸ್ಪೀಟಿನ ಬ್ರಿಜ್ಜೋ, ಒಂದೇ ಗುಂಪಿಗೆ ಅಂಟಿಕೊಂಡವರು ಆರಾಮಾಗಿರುತ್ತಾರೆ.

ಸಂಜೆ ಆರರ ನಂತರ ಉಡುಪಿನ ನಿಯಮ ಇದೆ, ಗಾಲಾ ರಾತ್ರಿಗಳಲ್ಲಿ, ಅಂದರೆ ವಿಶೇಷ ಔತಣದ ಸಂಜೆಗಳಲ್ಲಿ, ಇನ್ನೂ ಬಿಗಿ. ಅಮ್ಮನಿಗೆ ರೇಷ್ಮೆ ಸೀರೆ, ಅಪ್ಪನಿಗೆ ಬಂದ್‌ಗಲಾ ಸಾಕು. ಸಾಂಪ್ರದಾಯಿಕ ರಾಷ್ಟ್ರೀಯ ಉಡುಗೆಗೆ ಒಪ್ಪಿಗೆ ಇದೆ. ಅದೂ ಬೇಡವೆನಿಸಿದರೆ ಬಫೆಯಲ್ಲಿ ಉಂಡರಾಯಿತು.

ಬಟ್ಟೆ ಒಗೆಯಲು ಪ್ರಯಾಣಿಕರಿಗೆಂದೇ ಲಾಂಡ್ರಿ ಕೋಣೆಗಳಿವೆ: ಯಂತ್ರ, ಸೋಪುಪುಡಿ, ಇಸ್ತ್ರಿ ಎಲ್ಲ ಉಚಿತ. ಬಂದರು ಬಿಟ್ಟ ಮರುದಿನ ಬೆಳಿಗ್ಗೆ ಅಲ್ಲಿ ಸಾಲು, ಜಗಳ ಎರಡೂ ಇರುತ್ತವೆ. ಬೇರೆಯವರು ಊಟಕ್ಕೆ ಹೋದ ಹೊತ್ತು ನೋಡಿ ಹೋಗಬೇಕು. ಹತ್ತು ದಿನಕ್ಕಾಗುವಷ್ಟು ಬಟ್ಟೆ ಒಯ್ದರೆ ಧಾರಾಳ.

ಊಟದಲ್ಲಿ ಉಪವಾಸ ಬೀಳುವುದಿಲ್ಲ, ಆದರೆ ಪಾಶ್ಚಾತ್ಯ ಸಸ್ಯಾಹಾರ ಮೂರನೇ ವಾರಕ್ಕೆ ಸಾಕೆನಿಸುತ್ತದೆ. ಬುಕಿಂಗ್ ಮಾಡುವಾಗಲೇ ಸಸ್ಯಾಹಾರ ಎಂದು ದಾಖಲಿಸಿ. ಹಡಗು ಹತ್ತಿದ ಮೊದಲ ಸಂಜೆ ಹೆಡ್ ವೇಟರ್ ಹತ್ತಿರ ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಆಗದು ಎಂದು ಬಿಡಿಸಿ ಹೇಳಬೇಕು. ತರಕಾರಿ ಸೂಪಿಗೂ ಕೋಳಿ ಬೇಯಿಸಿದ ನೀರು ಬೀಳುವುದುಂಟು. ದಾಲ್, ಪಲ್ಯ, ಚಪಾತಿ ಬೇಕಿದ್ದರೆ ಹಿಂದಿನ ರಾತ್ರಿಯೇ ಕೇಳಿಡಿ. ಕ್ರೂಸ್ ಹಡಗುಗಳಲ್ಲಿ ಗೋವಾ, ಮಂಗಳೂರು, ಕೇರಳದ ಸಿಬ್ಬಂದಿ ಸಾಕಷ್ಟು, ಪರಿಚಯವಾದರೆ ಕೆಲಸ ಸುಲಭ. ಚಟ್ನಿಪುಡಿ, ಉಪ್ಪಿನಕಾಯಿಯನ್ನು ಕಂಪನಿಯ ಸೀಲ್ ಇರುವ ಪ್ಯಾಕೆಟ್‌ನಲ್ಲೇ ಒಯ್ಯಿರಿ. ಹಡಗಿನಿಂದ ನೆಲಕ್ಕೆ ಇಳಿಸಬೇಡಿ, ಒಂದು ಬಾಳೆಹಣ್ಣನ್ನೂ ಕೂಡ. ನ್ಯೂಜಿಲೆಂಡ್‌ನಲ್ಲಿ ಹೇಳದೆ ಒಯ್ದ ಹಣ್ಣಿಗೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ.

ಪಶ್ಚಿಮಕ್ಕೆ ಹೋಗುವಾಗ ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ, ಪೂರ್ವಕ್ಕಾದರೆ ಮುಂದಕ್ಕೆ. ಒಂದೊಂದೇ ಗಂಟೆ ಸರಿಯುವುದರಿಂದ ವಿಮಾನದ ಆಯಾಸ ಇಲ್ಲ. ಅಪಾಯ ಬೇರೆ ಕಡೆ ಇದೆ: ಫೋನ್ ಬಂದರಿನ ಟವರಿನ ಸಮಯ ಹಿಡಿಯುತ್ತದೆ, ಹಡಗು ಹೊರಡುವುದು ಹಡಗಿನ ಸಮಯಕ್ಕೆ. ಸ್ವಂತವಾಗಿ ಸುತ್ತಲು ಹೋದವರಿಗಾಗಿ ಅದು ಕಾಯುವುದಿಲ್ಲ. ಇಬ್ಬರಿಗೂ ಕೈಗಡಿಯಾರ ಕಟ್ಟಿಸಿ.

ಔಷಧಿ ಪೂರ್ತಿ ಪ್ರಯಾಣಕ್ಕೆ, ಮೇಲೆ ಹದಿನೈದು ದಿನಕ್ಕೆ ಇರಲಿ; ಜೆನೆರಿಕ್ ಹೆಸರಿರುವ (ಕಂಪನಿಯದ್ದಲ್ಲ, ಔಷಧಿಯ ಮೂಲ ಹೆಸರು) ಚೀಟಿಯೂ ಜೊತೆಗಿರಲಿ. ದೊಡ್ಡ ಪೆಟ್ಟಿಗೆ ಕ್ಯಾಬಿನ್ ತಲುಪಲು ಸಂಜೆಯಾಗಬಹುದು, ಮಾತ್ರೆಗಳು ಕೈಚೀಲದಲ್ಲೇ ಇರಬೇಕು. ಸಮುದ್ರರೋಗದ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ, ಮೊದಲೇ ತೆಗೆದುಕೊಳ್ಳಬೇಕು. ಅವೊಮಿನ್‌ನಂಥವು ನಿದ್ದೆ ತರಿಸುತ್ತವೆ, ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಬೇಡ. ನೊರೊವೈರಸ್ ವಾಂತಿಭೇದಿ ಹಬ್ಬಿದರೆ ಬಫೆಯಲ್ಲಿ ಕೈಯಾರೆ ಬಡಿಸಿಕೊಳ್ಳುವುದು ನಿಲ್ಲುತ್ತದೆ, ರೋಗಿಗಳನ್ನು ಕ್ಯಾಬಿನ್‌ನಲ್ಲೇ ಇರಿಸುತ್ತಾರೆ. ಇದಕ್ಕೆ ಸ್ಯಾನಿಟೈಸರ್ ಸಾಲದು, ಸೋಪು ಹಚ್ಚಿ ತೊಳೆಯಬೇಕು. ಹಡಗಿನ ಡಾಕ್ಟರ ಬಿಲ್ ನೇರ ನಿಮ್ಮ ಖಾತೆಗೇ. ವಿಮೆಯಲ್ಲಿ ಹೆಲಿಕಾಪ್ಟರ್ ಮೂಲಕ ಆಸ್ಪತ್ರೆಗೆ ಸಾಗಿಸುವ ಖರ್ಚು ಇದೆಯೇ, ನೂರು ದಿನಕ್ಕೂ ಅನ್ವಯಿಸುತ್ತದೆಯೇ, ನೋಡಿಕೊಳ್ಳಿ.

ದೇಶ ನೋಡುವ ಆಸೆಗೆ ಮಿತಿ ಇರಲಿ. ನವಮಂಗಳೂರು ಬಂದರಿಗೆ ಬರುವ ಕ್ರೂಸ್ ಪ್ರಯಾಣಿಕರು ಬಸ್ಸಿನಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಒಂದು ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಹಡಗು ಹತ್ತುತ್ತಾರೆ. ಅವರು ಕಂಡ ಕರ್ನಾಟಕ ಎಷ್ಟೋ, ನಿಮ್ಮವರು ಕಾಣುವ ಒಂದೊಂದು ದೇಶವೂ ಅಷ್ಟೇ. ಕೆಲವು ಕಡೆ ದಕ್ಕೆಗೆ ಹೋಗಲಾಗದೆ ಸಣ್ಣ ದೋಣಿಗೆ ಇಳಿಸುತ್ತಾರೆ. ಮಂಡಿನೋವಿದ್ದವರಿಗೆ ಆ ಜಿಗಿತ ಕಷ್ಟ, ಅಲೆ ಜೋರಿದ್ದರೆ ಬಂದರೇ ರದ್ದು.

ಟಿಕೆಟ್ ಹೊರತಾಗಿ ದಿನಕ್ಕೆ ತಲಾ ಸುಮಾರು 15ರಿಂದ 20 ಡಾಲರ್ ಸೇವಾಶುಲ್ಕ ಎಂದಿಟ್ಟುಕೊಳ್ಳಿ: ಇಬ್ಬರಿಗೆ ನೂರು ದಿನಕ್ಕೆ 3,000–4,000 ಡಾಲರ್.

ವೀಸಾ ಕೆಲಸಕ್ಕೆ ಆರು ತಿಂಗಳು ಮೊದಲೇ ಕೈಹಾಕಿ, ಏಕೆಂದರೆ ಪಾಸ್‌ಪೋರ್ಟ್ ಒಂದೊಂದು ದೇಶದ ಕಚೇರಿಯಲ್ಲಿ ವಾರಗಟ್ಟಲೆ ಕೂರುತ್ತದೆ. ಎರಡು ಬಾರಿ ಒಳಹೋಗುವ ಕಡೆಯೆಲ್ಲ ಮಲ್ಟಿಪಲ್ ಎಂಟ್ರಿಯೇ ಬೇಕು. ನಡುವಿನ ಒಂದೇ ದೇಶದ್ದು ಇಲ್ಲದಿದ್ದರೂ ಮೊದಲ ದಿನವೇ ಹತ್ತಿಸದೆ ಇರಬಹುದು. ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ಹಳದಿ ಜ್ವರದ ದೇಶಗಳಲ್ಲಿ ಇಳಿಯುವುದಿದ್ದರೆ, ಕನಿಷ್ಠ 10 ದಿನ ಮೊದಲು ಲಸಿಕೆ ಹಾಕಿಸಿದ ಹಳದಿ ಕಾರ್ಡ್ ಬೇಕು. ಇಲ್ಲದಿದ್ದರೆ ಭಾರತಕ್ಕೆ ಮರಳಿದಾಗ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. 60 ದಾಟಿದವರಲ್ಲಿ ಈ ಲಸಿಕೆಯ ಗಂಭೀರ ಅಡ್ಡಪರಿಣಾಮ ಅಪರೂಪವಾದರೂ ಹೆಚ್ಚು, ಹಾಗಾಗಿ ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲೇ ಇಬ್ಬರನ್ನೂ ವೈದ್ಯರಿಗೆ ತೋರಿಸಿ.