ವಿಯೆಟ್ನಾಂನಲ್ಲಿ ಮಕ್ಕಳು, ಹಿರಿಯರ ಜೊತೆ ಕೂತು ಅಲ್ಲಿನ ಕಡುಬು (ಡಂಪ್ಲಿಂಗ್) ತಿನ್ನೋಕೆ ಒಳ್ಳೆ ಫ್ಯಾಮಿಲಿ ರೆಸ್ಟೋರೆಂಟ್ ಯಾವುದು?

"ಅಮ್ಮ ಶುದ್ಧ ಸಸ್ಯಾಹಾರಿ, ಮಕ್ಕಳು ಎಲ್ಲಾ ತಿಂತಾರೆ, ಎಸಿ ಇದ್ದರೆ ಒಳ್ಳೇದು" ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನಮ್ಮ ಅತ್ತೆ ನೆನಪಾದರು. ಎರಡು ವರ್ಷದ ಹಿಂದೆ ಜನವರಿಯಲ್ಲಿ ನಾವೂ ಹೀಗೇ ಹೊರಟಿದ್ದೆವು. ನಾನು, ಯಜಮಾನರು, ಒಂಬತ್ತು ಮತ್ತು ಐದು ವರ್ಷದ ಮಕ್ಕಳು, ತೀರ್ಥಹಳ್ಳಿಯಿಂದ ಅತ್ತೆ. ನಾವು ಹೊರಗೆ ಎಲ್ಲಾ ತಿನ್ನುತ್ತೇವೆ. ಅತ್ತೆ ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟುವವರಲ್ಲ.

ಹನೋಯ್‌ನಲ್ಲಿ ಏನೂ ತೊಂದರೆ ಆಗಲಿಲ್ಲ. ಚಳಿಗಾಲ ಅಲ್ವಾ, ಅಲ್ಲಿ ಬಾನ್ ಚೋಯ್ ತಾವ್ ಸಿಗುತ್ತೆ. ಅಕ್ಕಿಹಿಟ್ಟಿನ ಉಂಡೆ, ಒಳಗೆ ಕರಿಎಳ್ಳಿನ ಹೂರಣ, ಮೇಲೆ ಬಿಸಿ ಶುಂಠಿ ಪಾಕ. ಅತ್ತೆ ಎರಡು ಬಟ್ಟಲು ತಿಂದರು. ನಾವು ಲೀ ಕ್ವೋಕ್ ಸು ರಸ್ತೆಯಲ್ಲಿ ಬಾನ್ ಗೋಯ್ ತಿಂದೆವು. ನೋಡೋಕೆ ಥೇಟ್ ನಮ್ಮ ಕರ್ಜಿಕಾಯಿ. ಒಳಗೆ ಹಂದಿಮಾಂಸ, ಶಾವಿಗೆ, ಅಣಬೆ. ಮಕ್ಕಳು ಇನ್ನೊಂದು ಪ್ಲೇಟ್ ಕೇಳಿದರು.

ಎಡವಿದ್ದು ಹುಯೆಯಲ್ಲಿ. 1802ರಿಂದ 1945ರವರೆಗೆ ನ್ಗುಯೆನ್ ರಾಜರ ರಾಜಧಾನಿಯಾಗಿದ್ದ ಊರು. ಸಣ್ಣ ಸಣ್ಣ ಕಡುಬುಗಳಿಗೆ ಇಡೀ ದೇಶದಲ್ಲೇ ಹೆಸರುವಾಸಿ. ಅಲ್ಲಿನ ಬಾನ್ ಬೋತ್ ಲೋಕ್ ಅನ್ನು ಬಾಳೆ ಎಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸುತ್ತಾರೆ. ಹಿಟ್ಟು ಮರಗೆಣಸಿನ ಪಿಷ್ಟದ್ದು, ಅಂದರೆ ಸಬ್ಬಕ್ಕಿ ಮಾಡುವ ಅದೇ ಪಿಷ್ಟ. ಬೆಂದ ಮೇಲೆ ಗಾಜಿನ ಹಾಗೆ ಒಳಗಿರೋದು ಕಾಣುತ್ತೆ, ಅಂಟಂಟಾಗಿ ಜಗಿಯೋಕೆ ಬರುತ್ತೆ. ಬಾಳೆ ಎಲೆಯ ಪೊಟ್ಟಣ ಕಂಡಿದ್ದೇ ಅತ್ತೆಗೆ ಖುಷಿ. "ಇದು ನಮ್ಮ ಎಲೆಕಡುಬೇ ಕಣೇ" ಅಂದರು. ಆ ಖುಷಿಯಲ್ಲಿ ನಾನೂ ಮೈಮರೆತೆ.

ನಾನು ಮಾಡಿದ ತಪ್ಪನ್ನ ಪೂರ್ತಿ ಹೇಳಿಬಿಡ್ತೀನಿ, ಯಾಕಂದ್ರೆ ನೀವೂ ಇದನ್ನೇ ಮಾಡ್ತೀರಿ. ಫೋನ್ ನೋಡಿ "ಖೋಂಗ್ ಥಿತ್" ಅನ್ನೋದನ್ನು ಕಲಿತಿದ್ದೆ. ಮಾಂಸ ಬೇಡ ಅಂತ ಅರ್ಥ. ವಿಮಾನದಲ್ಲೇ ಹತ್ತು ಸಲ ಹೇಳಿಕೊಂಡಿದ್ದೆ. ಅಂಗಡಿಯಾಕೆ ತಲೆಯಾಡಿಸಿದರು, ಆಯಿತು ಅನ್ನೋ ಹಾಗೆ ನಕ್ಕರು. ಹಂದಿಮಾಂಸ ಇಲ್ಲದ ಕಡುಬನ್ನೇ ತಂದಿಟ್ಟರು. ಆದರೆ ಒಳಗೆ ಸಿಗಡಿ ಇತ್ತು. ಅವರು ಮೋಸ ಮಾಡಲಿಲ್ಲ. ನಾನು ಕೇಳಿದ್ದನ್ನೇ ಕೊಟ್ಟರು. ಅವರ ಮಾತಲ್ಲಿ ಥಿತ್ ಅಂದರೆ ಹಂದಿ, ದನ, ಕೋಳಿ. ಸಿಗಡಿಗೆ, ಮೀನಿಗೆ ಬೇರೆ ಬೇರೆ ಪದ. ನಮ್ಮ ಕರಾವಳಿಯಲ್ಲೂ ಮೀನು ಬೇರೆ, ಮಾಂಸ ಬೇರೆ ಅಂತಾರಲ್ವಾ? ಇಷ್ಟು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಬೇಡದ್ದನ್ನು ಒಂದೊಂದಾಗಿ ಹೇಳಲು ಹೊರಟರೆ ಒಂದಲ್ಲ ಒಂದು ಬಿಟ್ಟುಹೋಗುತ್ತೆ. ನಾನು ಹೇಳಬೇಕಾಗಿದ್ದಿದ್ದು ಏನು ಬೇಡ ಅಂತಲ್ಲ, ಏನು ಬೇಕು ಅಂತ.

ಸಂಜೆ ಹೊತ್ತು, ಮಬ್ಬು ಬೆಳಕು. ಹಿಟ್ಟಿನೊಳಗೆ ಕೆಂಪಗೆ ಕಂಡಿದ್ದನ್ನು ಅತ್ತೆ ಕ್ಯಾರೆಟ್ ಅಂದುಕೊಂಡರು. ಮೊದಲನೆಯದು ಪೂರ್ತಿ ತಿಂದರು. ಎರಡನೆಯದರಲ್ಲಿ ಹಲ್ಲಿಗೆ ಏನೋ ಕರಕ್ ಅಂತು. ಆ ಸಣ್ಣ ಸಿಗಡಿಯನ್ನು ಸಿಪ್ಪೆ ಸಮೇತ ಹಾಕುತ್ತಾರೆ. ಬಾಯಿಂದ ತೆಗೆದು ಎಲೆಯ ಮೇಲಿಟ್ಟು ನೋಡಿದರು. ಪುಟ್ಟ ಬಾಲ. ಒಂದು ಮಾತೂ ಆಡಲಿಲ್ಲ. ಎಲೆಯನ್ನು ಮೊದಲು ಹೇಗಿತ್ತೋ ಹಾಗೇ ಮಡಚಿ, ಎದ್ದು ಹೋಗಿ ಬಾಯಿ ತೊಳೆದರು. ಅವತ್ತು ನನ್ನನ್ನು ಬೈದಿದ್ದರೆ ಎಷ್ಟೋ ವಾಸಿ ಇತ್ತು. ಮಿಕ್ಕ ನಾಲ್ಕು ದಿನ ಬಾಳೆಹಣ್ಣು ಮತ್ತು ಊರಿಂದ ತಂದ ಅವಲಕ್ಕಿಯಲ್ಲೇ ಕಳೆದರು.

ಅಂಗಡಿಯಾಕೆಗೆ ವಿಷಯ ಗೊತ್ತಾಗಿ ನನಗಿಂತ ಜಾಸ್ತಿ ನೊಂದುಕೊಂಡರು. ಫೋನಿನಲ್ಲಿ ಏನೋ ಟೈಪ್ ಮಾಡಿ ತೋರಿಸಿದರು: "ಚಯ್ ಅಂತ ಹೇಳಿ. ನಾಳೆ ಬನ್ನಿ. ನಾಳೆ ಹುಣ್ಣಿಮೆ, ಊರೆಲ್ಲಾ ಚಯ್." ಹುಣ್ಣಿಮೆ ಅನ್ನೋದು ಅತ್ತೆಗೆ ಬೆಳಿಗ್ಗೆಯೇ ಗೊತ್ತಿತ್ತು, ಪಂಚಾಂಗ ನೋಡದೆ ಅವರ ದಿನ ಶುರುವಾಗೋದೇ ಇಲ್ಲ. ಆದರೆ ಮರುದಿನ ಬೆಳಿಗ್ಗೆ ಡಾ ನಾಂಗ್‌ಗೆ ನಮ್ಮ ರೈಲು. ಟಿಕೆಟ್ ಹಾಳಾಗುತ್ತೆ ಅಂತ ಹೊರಟುಬಿಟ್ಟೆವು. ಮೂರು ಗಂಟೆಯೂ ಹಿಡಿಯದ ದಾರಿ ಅದು, ಸಂಜೆ ಹೋಗಬಹುದಿತ್ತು.

ಚಯ್ ಅನ್ನೋ ಆ ಒಂದು ಪದ ಗಟ್ಟಿ ಮಾಡಿಕೊಳ್ಳಿ. ಬೋರ್ಡಿನಲ್ಲಿ ಸಿ-ಎಚ್-ಎ-ವೈ ಅಂತ ಬರೆದಿರುತ್ತೆ. ಬೌದ್ಧರ ಸಸ್ಯಾಹಾರದ ಪದ್ಧತಿ. "ತೋಯ್ ಆನ್ ಚಯ್" ಅಂದರೆ ನಾನು ಚಯ್ ತಿನ್ನುತ್ತೇನೆ ಅಂತ. ಅದನ್ನು ಕೇಳಿದ ಕೂಡಲೇ ಮಾಂಸ, ಮೀನು, ಸಿಗಡಿ ಎಲ್ಲಾ ಬೇಡ ಅಂತ ಅವರೇ ಅರ್ಥ ಮಾಡಿಕೊಳ್ಳುತ್ತಾರೆ. ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುವವರಿದ್ದಾರೆ. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಎಷ್ಟೋ ಜನ ಚಯ್ ತಿನ್ನುತ್ತಾರೆ. ಹುಯೆಯಲ್ಲಂತೂ ದೇವಸ್ಥಾನಗಳು ಜಾಸ್ತಿ, ಚಯ್ ಹೋಟೆಲ್ ಹುಡುಕೋದು ಕಷ್ಟ ಅಲ್ಲ. ಬಾನ್ ಬೋತ್ ಲೋಕ್ ಅನ್ನೂ ಹೆಸರುಬೇಳೆ, ಅಣಬೆ ತುಂಬಿ ಮಾಡುತ್ತಾರೆ.

ಅದ್ದಿಕೊಳ್ಳೋಕೆ ಪಕ್ಕದಲ್ಲಿಡುವ ಬಟ್ಟಲಿನ ನೀರಲ್ಲಿ ಏನಿದೆ ಅಂತಲೂ ಕೇಳಿ. ನಿಂಬೆ, ಸಕ್ಕರೆ, ಮೆಣಸಿನಕಾಯಿ ಹಾಕಿ ತಿಳಿಸಾರಿನ ಹಾಗೆ ಕಾಣುತ್ತೆ, ಆದರೆ ಅದರ ಮೂಲ ಉಪ್ಪಲ್ಲಿ ತಿಂಗಳುಗಟ್ಟಲೆ ಕೊಳೆಸಿದ ಮೀನಿನ ರಸ, ನುವಕ್ ಮಾಮ್. ಹಾಗೇ ಬಾನ್ ಬೇವ್ ಅನ್ನೋ ಪುಟ್ಟ ಬಟ್ಟಲಿನ ಅಕ್ಕಿ ಕಡುಬಿನ ಮೇಲೆ ಉದುರಿಸೋದು ಚಟ್ನಿಪುಡಿ ಅಲ್ಲ, ಒಣಸಿಗಡಿ ಪುಡಿ.

ಇನ್ನು ಎಸಿ, ಫ್ಯಾಮಿಲಿ ರೆಸ್ಟೋರೆಂಟ್ ವಿಷಯ. ನನ್ನ ಕೇಳಿದರೆ ಆ ಹುಡುಕಾಟವೇ ಬೇಡ. ಅಲ್ಲಿ ಕಡುಬಿನ ಅಂಗಡಿ ಅಂದರೇ ಮನೆಮಂದಿ ಕೂತು ತಿನ್ನೋ ಜಾಗ. ಅಜ್ಜಿ ಎಲೆ ಮಡಚುತ್ತಿರುತ್ತಾರೆ, ಮೊಮ್ಮಗು ಪಕ್ಕದಲ್ಲೇ ಹೋಂವರ್ಕ್ ಬರೆಯುತ್ತಿರುತ್ತೆ. ನಮ್ಮ ಚಿಕ್ಕವನಿಗೆ ಆ ಗಿಡ್ಡ ಪ್ಲಾಸ್ಟಿಕ್ ಸ್ಟೂಲು ಅವನ ಅಳತೆಗೇ ಮಾಡಿಸಿದ ಹಾಗಿತ್ತು. ಅಮ್ಮನಿಗೆ ಮಂಡಿನೋವಿದ್ದರೆ ಮಾತ್ರ ಎತ್ತರದ ಕುರ್ಚಿ ಇರೋ ಕಡೆ ಹೋಗಿ. ಹುಯೆಯಲ್ಲಿ ಹಾಂಗ್ ಮೆ, ಬಾ ದೋ ಎರಡೂ ಹೆಸರಾದ ಜಾಗಗಳು. ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಹೋಗಿ, ಅಲ್ಲಿಯವರಿಗೆ ಇದು ಊಟ ಅಲ್ಲ, ಮಧ್ಯಾಹ್ನದ ತಿಂಡಿ.

ಮಕ್ಕಳಿಗೋಸ್ಕರ ಒಂದೇ ಜಾಗ ಹೇಳು ಅಂದರೆ ಹೋಯಿ ಆನ್. ಹಾಯ್ ಬಾ ಚುಂಗ್ ರಸ್ತೆಯಲ್ಲಿ ಬಿಳಿ ಗುಲಾಬಿ ಕಡುಬು ಮಾಡುವ ಮನೆತನದ ಹೋಟೆಲ್ ಇದೆ. ಊರಿನ ಬೇರೆ ಹೋಟೆಲ್‌ಗಳಿಗೂ ಕಡುಬು ಹೋಗೋದು ಇಲ್ಲಿಂದಲೇ. ಅಕ್ಕಿಹಿಟ್ಟಿನ ತೆಳು ಪದರವನ್ನು ಹೆಂಗಸರು ನಿಮ್ಮೆದುರೇ ಬೆರಳಲ್ಲಿ ಅಗಲ ಮಾಡಿ, ಸಿಗಡಿ ಹೂರಣ ಇಟ್ಟು, ಅಂಚು ಹೂವಿನ ಎಸಳಿನ ಹಾಗೆ ಸುತ್ತುತ್ತಾರೆ. ಮೇಲೆ ಹುರಿದ ಈರುಳ್ಳಿ. ನನ್ನ ಮಗಳು ಅರ್ಧ ಗಂಟೆ ಬಾಯಿ ಬಿಡದೆ ನೋಡುತ್ತಾ ನಿಂತಿದ್ದಳು. ಅತ್ತೆಯೂ ಅವಳ ಪಕ್ಕ ನಿಂತು ಆ ಬೆರಳುಗಳನ್ನೇ ನೋಡುತ್ತಿದ್ದರು, ಕೈಯಲ್ಲಿ ಅವಲಕ್ಕಿ ಡಬ್ಬಿ ಹಿಡಿದು. ನನಗೆ ಕಡುಬು ಗಂಟಲಲ್ಲಿ ಇಳಿಯಲಿಲ್ಲ.

ಆದ್ದರಿಂದ ಹೋಟೆಲ್ ಆಮೇಲೆ ನೋಡೋಣ. ಮೊದಲು ಹುಣ್ಣಿಮೆಗೆ ಹುಯೆಯಲ್ಲಿ ಇರೋ ಹಾಗೆ ಟಿಕೆಟ್ ಮಾಡಿ. ಅವರ ಲೆಕ್ಕಕ್ಕೂ ನಮ್ಮ ಪಂಚಾಂಗಕ್ಕೂ ಒಂದು ದಿನ ಹಿಂದೆ ಮುಂದೆ ಆಗಬಹುದು, ಹಾಗಾಗಿ ಎರಡು ರಾತ್ರಿ ಇಟ್ಟುಕೊಳ್ಳಿ. ಹೊರಡೋ ತಾರೀಖು ಕೆಳಗೆ ಕಾಮೆಂಟಿನಲ್ಲಿ ಹಾಕಿ, ಅತ್ತೆ ಹತ್ರ ಪಂಚಾಂಗ ನೋಡಿಸಿ ಇವತ್ತೇ ಹೇಳ್ತೀನಿ.