ಚಾಚಾನ ಬಿಲ್ಲಿಗೆ ಕೈ ಹಾಕಬೇಡಿ

ಬೀದರ್‌ನ ಚೌಬಾರ ಕಡೆಯ ಒಬ್ಬ ತಂಗಿಯ ಪತ್ರ ಎರಡು ದಿನದಿಂದ ನನ್ನ ಮೇಜಿನ ಮೇಲಿದೆ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಆ ಗಿರಾಕಿ ಮೇಲೇ ಅಂದುಕೊಳ್ಳಬೇಡಿ.

ವಿಷಯ ಇಷ್ಟು. ಇವರು ಮೂರು ವರ್ಷದಿಂದ ವಾಟ್ಸಾಪ್, ಇನ್‌ಸ್ಟಾಗ್ರಾಮ್‌ನಲ್ಲಿ ಬಿದ್ರಿ ಸಾಮಾನು, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕುಸುರಿ ಮಾಡಿದ ಸಾಮಾನು, ಮಾರುತ್ತಾರೆ. ಅದನ್ನು ಮಾಡಿಕೊಡುವ ಮುದುಕ ಕುಶಲಕರ್ಮಿಯನ್ನು ಇವರು ಚಾಚಾ ಅಂತಾರೆ. ಬೆಂಗಳೂರಿನ ಒಬ್ಬ ಮೇಡಂ 4,200 ರೂಪಾಯಿಯ ಹೂದಾನಿ ತರಿಸಿಕೊಂಡರು. ಕೈಗೆ ಸಿಕ್ಕ ದಿನ ‘ಸೂಪರ್’ ಅಂತ ಬರೆದು, ಟೀಪಾಯಿ ಮೇಲಿಟ್ಟ ಫೋಟೋ ಕೂಡ ಕಳಿಸಿದರು. 26ನೇ ದಿನ ಮೆಸೇಜು ಬಂತು. ಕಪ್ಪು ಹೋಗಿದೆ, ಕಳಪೆ ಮಾಲು, ವಾಪಸ್ ತಗೊಳ್ಳಿ, ಇಲ್ಲಾಂದ್ರೆ ಕೆಟ್ಟ ರಿವ್ಯೂ ಹಾಕಿ ಗ್ರಾಹಕರ ಸಹಾಯವಾಣಿಗೂ ಫೋನ್ ಮಾಡ್ತೀನಿ ಅಂತ. ವಾಪಸ್ ತಗೊಳ್ಳಲಾ, ಬೇಡ್ವಾ ಅನ್ನೋದು ತಂಗಿಯ ಪ್ರಶ್ನೆ.

ಮೂರು ಪುಟದ ಪತ್ರ. ರಿವ್ಯೂ ಭಯಕ್ಕೇ ಒಂದೂವರೆ ಪುಟ ಹೋಗಿದೆ. ಕಟ್ಟಕಡೆಗೆ, ಹೆಸರು ಬರೆಯುವ ಮುಂಚೆ, ಒಂದು ಸಾಲು: “ನಮ್ಮನೆಯವರು ‘ಯಾಕ ತಲಿ ಕೆಡಿಸ್ಕೋತಿ, ವಾಪಸ್ ತಗೊಂಡು ಚಾಚಾನ ಮುಂದಿನ ಬಿಲ್ಲಿನಾಗ ಹಿಡ್ಕೋ’ ಅಂತಾರ. ಅದೂ ಒಂದು ದಾರಿ ಅನಸ್ತದ.”

ತಂಗೀ, ರಿವ್ಯೂ ಹಾಳಾಗಲಿ. ಮೊದಲು ಈ ಸಾಲಿಗೆ ಬರೋಣ.

ಚಾಚಾ ಮಾಡಿದ ತಪ್ಪಾದರೂ ಏನು? ಸತು, ತಾಮ್ರ ಕರಗಿಸಿ ಮರಳಿನ ಅಚ್ಚಿಗೆ ಹೊಯ್ದರು. ಅರ ಹಾಕಿ ನಯ ಮಾಡಿದರು. ಉಳಿಯಿಂದ ಬಳ್ಳಿ ಕೆತ್ತಿ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿದರು. ಆಮೇಲೆ ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರವೆಂಬ ಉಪ್ಪು ಬೆರೆಸಿ, ಬಿಸಿ ಮಾಡಿದ ಹೂದಾನಿಗೆ ಬಳಿದರು. ಸತು ಕಪ್ಪಾಯಿತು, ಬೆಳ್ಳಿ ಬೆಳ್ಳಗೇ ಉಳಿಯಿತು. ಆ ಮಣ್ಣು ಸರಿಯಿದೆಯಾ ಅಂತ ನಾಲಿಗೆಗೆ ಹಚ್ಚಿ ನೋಡುವ ಜನ ಅವರು. ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಿಮ್ಮನೆಯವರೂ ‘ನಮ್ಮ ಬೀದರ್, ನಮ್ಮ ಹೆಮ್ಮೆ’ ಅಂತ ಸ್ಟೇಟಸ್ ಹಾಕಿರಬೇಕು, ಅಲ್ವಾ? ಈಗ ಅದೇ ಕೆಲಸ ಮಾಡುವ ಮುದುಕನ ಕೂಲಿಯಲ್ಲಿ ಹಿಡಿದುಕೊಳ್ಳೋಣ ಅಂತಾರೆ. ಚಾಚಾ ಜಗಳ ಮಾಡಲ್ಲ ಅಂತ ಗೊತ್ತಲ್ಲ, ಅದಕ್ಕೇ.

ಮೇಡಂ ದೂರಿನ ಜೊತೆ ಹಾಕಿದ್ದ, ನೀವು ನನಗೆ ಕಳಿಸಿದ ಫೋಟೋನ ದೊಡ್ಡದು ಮಾಡಿ ನೋಡಿದೆ. ಹೂದಾನಿಯ ಹೊಟ್ಟೆ ಮೇಲೆ ಸಣ್ಣ ಸಣ್ಣ ಗೀರು, ಎಲ್ಲವೂ ಒಂದೇ ಕಡೆ ವಾಲಿವೆ. ಹಿಂದೆ ಸಿಂಕಿನ ಅಂಚು, ಅದರ ಮೇಲೆ ಹಸಿರು ಸ್ಕ್ರಬ್ಬರ್. ಇನ್ನೇನು ಸಾಕ್ಷಿ ಬೇಕು? ನಮ್ಮತ್ತೆಯೂ ಒಂದು ದೀಪಾವಳಿಗೆ ಬಿದ್ರಿ ಪಾನ್‌ದಾನನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದರು. ಸಂಜೆಗೆ ಅದು ಅಲ್ಯುಮಿನಿಯಂ ಡಬ್ಬಿಯಂತಾಗಿತ್ತು. ಪಾಪ, ಅವರು ಯಾರಿಗೂ ದುಡ್ಡು ವಾಪಸ್ ಕೇಳಲಿಲ್ಲ.

ನಿಮ್ಮದೂ ತಪ್ಪಿದೆ. ಮೆತ್ತನೆ ಬಟ್ಟೆ, ಒಂದು ಹನಿ ಎಣ್ಣೆ, ಇಷ್ಟೇ ಸಾಕು ಅಂತ ಒಂದು ಚೀಟಿ ಡಬ್ಬಿಯೊಳಗೆ ಇಟ್ಟಿದ್ದರೆ ಅರ್ಧ ಗಲಾಟೆ ಇರುತ್ತಿರಲಿಲ್ಲ. ಬಿಲ್ಲಿನಲ್ಲೂ ವಾಪಸಿನ ಅವಧಿ ಬರೆದಿಲ್ಲ ಅಂತೀರಿ. ಹಾಗಾಗಿ ‘ತಡವಾಯಿತು’ ಅನ್ನೋ ವಾದ ಹೂಡಲೇಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ಬಿಲ್ಲಿನಲ್ಲಿ ಅವಧಿ ಇಲ್ಲದಿದ್ದರೆ ದೋಷವಿರುವ ಮಾಲನ್ನು 30 ದಿನದೊಳಗೆ ವಾಪಸ್ ತಗೊಳ್ಳಲೇಬೇಕು. 26 ಅದರೊಳಗೇ ಬರುತ್ತದೆ. ಆದರೆ ದೋಷ ಇರಬೇಕಲ್ಲ? ತಿಕ್ಕಿ ಕಳೆದದ್ದು ಮಾಲಿನ ದೋಷವಲ್ಲ. ಮೇಡಂ ಸಹಾಯವಾಣಿ 1915ಕ್ಕೆ ಫೋನ್ ಮಾಡುವುದಾದರೆ ಮಾಡಲಿ. ನಿಮ್ಮ ಹತ್ತಿರ ಟೀಪಾಯಿ ಫೋಟೋ ಇದೆ, ಸಿಂಕಿನ ಫೋಟೋನೂ ಇದೆ. ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನು ನನ್ನ ಹಳೇ ಗೋಳು. ಆ ಮೇಡಂಗೆ ನೀವು ಮೂರು ಸಲ ‘ನೋಡೋಣ ಮೇಡಂ’ ಅಂತ ಬರೆದಿದ್ದೀರಿ, ಜೊತೆಗೆ ಕೈಮುಗಿದ ಚಿತ್ರ. ಈ ಅಂಕಣ ಓದುವವರಿಗೆ ಕೇಳಿ ಕೇಳಿ ಸಾಕಾಗಿರಬಹುದು, ಆದರೂ ಹೇಳುತ್ತೇನೆ: ‘ನೋಡೋಣ’ ಅನ್ನೋದು ಉತ್ತರವಲ್ಲ. ಹೇಳಿದವರು ‘ಇಲ್ಲ’ ಅಂದುಕೊಂಡು ಹೇಳುತ್ತಾರೆ, ಕೇಳಿದವರು ‘ಆಯ್ತು’ ಅಂದುಕೊಂಡು ಕೇಳುತ್ತಾರೆ. ಗಿರಾಕಿಯ ದನಿ ಏರಿದ್ದು ಮೂರನೇ ‘ನೋಡೋಣ’ ಆದಮೇಲೆ. ತಾರೀಖು ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಇವತ್ತೇ ಇಷ್ಟು ಕಳಿಸಿ: “ಮೇಡಂ, ಕಪ್ಪು ಹೋಗಿರುವುದು ತಿಕ್ಕಿದ್ದರಿಂದ. ವಾಪಸ್ ತಗೊಳ್ಳಲು ಆಗುವುದಿಲ್ಲ. ಬೇಕಾದರೆ ಮತ್ತೆ ಕಪ್ಪು ಹಾಕಿಸಿಕೊಡುತ್ತೇವೆ. ಕೂಲಿ, ಕೊರಿಯರ್ ಖರ್ಚು ನಿಮ್ಮದು.” ಕೈಮುಗಿದ ಚಿತ್ರ ಬೇಡ. ರಿವ್ಯೂ ಹಾಕಿದರೆ ಅದರ ಕೆಳಗೆ ಇದನ್ನೇ ಇನ್ನೊಮ್ಮೆ ಬರೆಯಿರಿ.

ಮತ್ತೆ ಕಪ್ಪು ಹಾಕುವ ಕೂಲಿ ಎಷ್ಟು ಅಂತ ಚಾಚಾನೇ ಹೇಳಲಿ, ನೀವು ಚೌಕಾಶಿ ಮಾಡಬೇಡಿ. ಶನಿವಾರ ಅವರ ಬಿಲ್ಲು ಪೂರ್ತಿ ಚುಕ್ತಾ ಮಾಡಿ. ನಿಮ್ಮನೆಯವರನ್ನೂ ಕರೆದುಕೊಂಡು ಹೋಗಿ. ಅರ್ಧ ಗಂಟೆ ಚಾಚಾ ಪಕ್ಕ ಕೂತು ತಂತಿ ಬಡಿಯುವುದನ್ನು ನೋಡಲಿ. ಆಮೇಲೆ ದುಡ್ಡನ್ನು ಅವರ ಕೈಯಿಂದಲೇ ಎಣಿಸಿ ಕೊಡಿಸಿ.